ನೆರೆಯ ಗೋಡೆ ಮತ್ತು ಬಾಡಿಗೆದಾರನ ಸ್ವಾಧೀನ

ಬಾಡಿಗೆದಾರ ಎಂದೊಡನೆ ನಮ್ಮ ಕಾನೂನು ಚರ್ಚೆಗಳಲ್ಲಿ ಅವನ ಎದುರಿಗೆ ಬಂದು ನಿಲ್ಲುವವನು ಮನೆಯ ಮಾಲೀಕ. ಬಾಡಿಗೆ ಏರಿಕೆ, ಮುಂಗಡ ಹಣದ ವಾಪಸಾತಿ, ಮನೆ ತೆರವು, ಎಲ್ಲವೂ ಈ ಇಬ್ಬರ ನಡುವೆಯೇ ಮುಗಿದುಹೋಗುತ್ತದೆ. ಆದರೆ ಸಣ್ಣ ಊರುಗಳಲ್ಲಿ ಬಾಡಿಗೆದಾರನ ನಿದ್ದೆಗೆಡಿಸುವವನು ಅನೇಕ ವೇಳೆ ಮೂರನೆಯವನು, ಅಂದರೆ ಪಕ್ಕದ ಮನೆಯವನು. ಓಣಿಗೆ ಗೇಟು ಹಾಕಿ ಬೀಗ ಜಡಿಯುವವನು, ಬಚ್ಚಲ ನೀರು ಹೋಗುವ ಮೋರಿಗೆ ಕಲ್ಲು ಮಣ್ಣು ತುಂಬುವವನು, ಕಿಟಕಿಗೆ ಅಂಗುಲ ಬಿಡದೆ ಗೋಡೆ ಎಬ್ಬಿಸುವವನು ಅವನೇ. ಇವನ ವಿರುದ್ಧ ಬಾಡಿಗೆದಾರನಿಗೆ ಏನಾದರೂ ಹಕ್ಕಿದೆಯೇ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಇಲ್ಲವೆಂದೇ ಹೇಳುತ್ತಾರೆ. 'ಅದೆಲ್ಲ ಮಾಲೀಕರ ವಿಷಯ, ನಿಮಗೇಕೆ? ಬೇರೆ ಮನೆ ನೋಡಿಕೊಳ್ಳಿ' ಎಂಬುದು ಸಿದ್ಧ ಉತ್ತರ. ಈ ಉತ್ತರ ಲೋಕಾನುಭವದ ಮಾತಿನಂತೆ ಕೇಳಿಸುತ್ತದೆಯೇ ಹೊರತು ಕಾನೂನಿನ ಪ್ರಕಾರ ಸರಿಯಲ್ಲ.

ಹಾಸನ ಜಿಲ್ಲೆಯ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಹಾಸನಕ್ಕೆ 1960ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಿತು. 1982ರಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದವು. ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ನೇರ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಚನ್ನರಾಯಪಟ್ಟಣವೂ ರಾಜಧಾನಿಗೆ ಹತ್ತಿರವಾಯಿತು. ಉಳಿದೆರಡು ತಾಲ್ಲೂಕು ಕೇಂದ್ರಗಳಿಗೂ ಶಿಕ್ಷಕರು, ದಾದಿಯರು, ಬ್ಯಾಂಕಿನ ಗುಮಾಸ್ತರು, ಕಚೇರಿ ನೌಕರರು ವರ್ಗವಾಗಿ ಬರುತ್ತಲೇ ಇರುತ್ತಾರೆ. 2011ರ ಜನಗಣತಿಯ ವೇಳೆಗೇ ದೇಶದ ನಗರವಾಸಿ ಕುಟುಂಬಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಬಾಡಿಗೆ ಮನೆಗಳಲ್ಲಿದ್ದವು. ಇಷ್ಟು ಜನರನ್ನು 'ಬಾಡಿಗೆಯವರು' ಎಂಬ ಒಂದೇ ಪದದಿಂದ ಊರಿನ ಅರ್ಧ ನಾಗರಿಕರನ್ನಾಗಿ ಮಾಡಿಬಿಡುವುದು ನಮ್ಮ ರೂಢಿ.

ಈ ಊರುಗಳ ಹಳೆಯ ಕೇರಿಗಳಲ್ಲಿ ನೆರೆಯ ವ್ಯಾಜ್ಯಕ್ಕೆ ಒಂದು ವಿಶೇಷ ಮೂಲವಿದೆ. ಒಂದು ಕಾಲದಲ್ಲಿ ತೊಟ್ಟಿಯ ಮನೆಯಾಗಿದ್ದುದು ಅಣ್ಣತಮ್ಮಂದಿರ ಪಾಲಿನಲ್ಲಿ ಎರಡು ಮೂರು ಮನೆಗಳಾಗಿರುತ್ತದೆ. ಮುಂಬಾಗಿಲು ಒಬ್ಬನಿಗೆ, ಹಿತ್ತಲು ಇನ್ನೊಬ್ಬನಿಗೆ, ನಡುವೆ ಎರಡೂವರೆ ಮೂರಡಿಯ ಓಣಿ. ಬಾವಿ ಸಾಮಾನ್ಯ, ಗೋಡೆ ಜಂಟಿ, ಹೆಂಚಿನ ಸೂರಿನ ನೀರು ಒಬ್ಬನ ಮಾಡಿನಿಂದ ಇನ್ನೊಬ್ಬನ ಜಾಗಕ್ಕೆ. ಹಿಂದಿನ ಪಾಲಿನವನು ಬೆಂಗಳೂರಿಗೋ ಮೈಸೂರಿಗೋ ಹೋಗಿ ನೆಲೆಸುತ್ತಾನೆ, ಅವನ ಭಾಗ ಬಾಡಿಗೆಗೆ ಬೀಳುತ್ತದೆ. ಆಗ ಬಾಡಿಗೆದಾರನ ನೆರೆಯವನಾಗಿ ಉಳಿಯುವವನು ಮಾಲೀಕನ ದಾಯಾದಿಯೇ. ಅವರಿಬ್ಬರ ನಡುವೆ ಮೂವತ್ತು ವರ್ಷಗಳಿಂದ ಹೊಗೆಯಾಡುತ್ತಿದ್ದ ಸಿಟ್ಟು ಮಾಲೀಕನ ಬೆನ್ನು ತಿರುಗಿದ ಮೇಲೆ ಬಾಡಿಗೆದಾರನ ಮೇಲೆ ಹರಿಯುತ್ತದೆ. ನೆರೆಯವನೊಡನೆ ವ್ಯಾಜ್ಯವೆಂದು ನಾವು ಕರೆಯುವುದರಲ್ಲಿ ಹೆಚ್ಚಿನವು ಒಳಗಿನಿಂದ ನೋಡಿದರೆ ಪಾಲುಪಾರಿಕತ್ತಿನ ಜಗಳಗಳೇ.

ಚನ್ನರಾಯಪಟ್ಟಣದ ಶಾಲಾ ಶಿಕ್ಷಕಿಯೊಬ್ಬರು ಇಂಥದೇ ಹಿಂಭಾಗದ ಮನೆಯೊಂದರಲ್ಲಿ ಆರು ವರ್ಷಗಳಿಂದ ಬಾಡಿಗೆಗಿದ್ದರು. ಮುಂದಿನ ಪಾಲಿನವನು ಒಂದು ಭಾನುವಾರ ಓಣಿಯ ಬಾಯಿಗೆ ಕಬ್ಬಿಣದ ಗೇಟು ಕೂರಿಸಿ ಬೀಗ ಹಾಕಿದ. ಪೊಲೀಸ್ ಠಾಣೆಯಲ್ಲಿ 'ಇದು ಸಿವಿಲ್ ವ್ಯಾಜ್ಯ, ಓನರ್ ಅವರನ್ನು ಕರೆಸಿ' ಎಂದರು. ಪುರಸಭೆಯಲ್ಲಿ ಖಾತೆದಾರರೇ ಅರ್ಜಿ ಕೊಡಬೇಕೆಂದರು. ಭೂಮಾಪನ ಕಚೇರಿಯಲ್ಲಿ ಹದ್ದುಬಸ್ತಿಗೆ ಹಕ್ಕುದಾರರ ಸಹಿ ಬೇಕೆಂದರು. ಬೆಂಗಳೂರಿನಲ್ಲಿದ್ದ ಮಾಲೀಕರು ದೂರವಾಣಿಯಲ್ಲಿ, 'ಅವನು ನಮ್ಮ ದೊಡ್ಡಪ್ಪನ ಮಗ ಕಣಮ್ಮ, ನಾನು ಕೋರ್ಟಿಗೆ ಹೋದರೆ ನಾಳೆ ಮದುವೆ ಮುಂಜಿಗೆ ಮುಖ ತೋರಿಸುವುದು ಹೇಗೆ?' ಎಂದರಂತೆ. ಆಕೆ ಪರಿಚಿತರೊಬ್ಬರ ಮೂಲಕ ನನ್ನಲ್ಲಿಗೆ ಬಂದಾಗ ಕೇಳಿದ್ದು ಒಂದೇ ಪ್ರಶ್ನೆ: 'ಸಾರ್, ನಾನು ಯಾರೂ ಅಲ್ಲವೇ?'

ಆ ಮೂರು ಕಚೇರಿಗಳು ಕೊಟ್ಟ ಉತ್ತರಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮೂರೂ ಉತ್ತರಗಳು ಒಡೆತನದ ಪ್ರಶ್ನೆಗೆ ಸೇರಿದವು. ಕಾನೂನಿಗೆ ಒಡೆತನ ಬೇರೆ, ಸ್ವಾಧೀನ ಬೇರೆ. ಸ್ವಾಧೀನಕ್ಕೆ ಅದರದೇ ರಕ್ಷಣೆಯಿದೆ. ಬಾಡಿಗೆದಾರನಿಗೆ ಒಡೆತನವಿಲ್ಲ, ಸ್ವಾಧೀನವಿದೆ. ಅವನು ನಿಲ್ಲಬೇಕಾದ ನೆಲ ಅದು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ತೀರ್ಪುಗಳಲ್ಲೊಂದು ಕರ್ನಾಟಕದಿಂದಲೇ ಹೋದ ಮೇಲ್ಮನವಿಯಲ್ಲಿ ಬಂದಿತೆಂಬುದು ಗಮನಾರ್ಹ. 2003ರ ಡಿಸೆಂಬರ್‌ನಲ್ಲಿ ತೀರ್ಮಾನವಾದ ಅದನ್ನು ವಕೀಲರು ರಾಮೇಗೌಡ ಪ್ರಕರಣವೆಂದೇ ಕರೆಯುತ್ತಾರೆ. ಅಕ್ಕಪಕ್ಕದ ಎರಡು ಜಾಗಗಳ ಗಡಿಯ ವ್ಯಾಜ್ಯವದು. ದಾವೆ ಹೂಡಿದವನು ತನ್ನ ಒಡೆತನವನ್ನು ಸಾಬೀತುಪಡಿಸಲಾಗಲಿಲ್ಲ, ಸ್ವಾಧೀನವನ್ನು ಸಾಬೀತುಪಡಿಸಿದ. ನೆಲೆಗೊಂಡ ಸ್ವಾಧೀನದಲ್ಲಿರುವವನನ್ನು ಕಾನೂನಿನ ಮಾರ್ಗದಿಂದಲ್ಲದೆ ಬಲದಿಂದ ಹೊರಹಾಕುವಂತಿಲ್ಲವೆಂದು ನ್ಯಾಯಾಲಯ ಅವನಿಗೆ ರಕ್ಷಣೆ ಕೊಟ್ಟಿತು. ಒಡೆತನ ತೋರಿಸಲಾಗದವನಿಗೇ ಇಷ್ಟು ರಕ್ಷಣೆಯಿದ್ದರೆ, ಮಾಲೀಕನ ಒಪ್ಪಿಗೆಯಿಂದಲೇ ಒಳಬಂದು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿರುವವನಿಗೆ ಏಕಿಲ್ಲ?

ಆದ್ದರಿಂದ ಬಾಡಿಗೆದಾರನು ಮೊದಲು ಮಾಡಬೇಕಾದುದು ತನ್ನ ವ್ಯಾಜ್ಯವನ್ನು ಎರಡಾಗಿ ಬಿಡಿಸಿಕೊಳ್ಳುವುದು. ಗಡಿ ಎಲ್ಲಿದೆ, ಗೋಡೆ ಯಾರದು, ಆ ಮೂರಡಿ ಯಾರ ಪಾಲಿಗೆ ಬಂದಿದೆ ಎಂಬುದು ಮಾಲೀಕನ ವ್ಯಾಜ್ಯ. ತಾನು ಇಷ್ಟು ದಿನ ಬಳಸುತ್ತಿದ್ದ ದಾರಿ, ನೀರು, ಚರಂಡಿ, ಬೆಳಕು ನಿಂತುಹೋಗಿದೆ ಎಂಬುದು ತನ್ನ ವ್ಯಾಜ್ಯ. ಮೊದಲನೆಯದಕ್ಕೆ ಕೈಹಾಕಿದರೆ ಸೋಲು ಖಚಿತ, ಏಕೆಂದರೆ ಒಡೆತನದ ಘೋಷಣೆ ಕೇಳಲು ಬಾಡಿಗೆದಾರನಿಗೆ ಅರ್ಹತೆಯಿಲ್ಲ. ಒಡೆತನದ ಮೇಲೆ ಗಂಭೀರ ಸಂದೇಹ ಎದ್ದಿರುವಾಗ ಬರಿಯ ನಿರ್ಬಂಧಕಾಜ್ಞೆಯ ದಾವೆ ಸಾಲದೆಂದು 2008ರ ಅನತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಎರಡನೆಯದರಲ್ಲಿ ಅವನ ಕೈ ಗಟ್ಟಿ.

ಮಾಲೀಕನನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಬಾಡಿಗೆದಾರನಿಗೆ ಒಂದು ಕರ್ತವ್ಯವನ್ನೇ ವಿಧಿಸಿದೆ: ಆಸ್ತಿಯ ಮೇಲೆ ಅತಿಕ್ರಮಣವಾದರೆ ಅಥವಾ ಮಾಲೀಕನ ಹಕ್ಕಿಗೆ ಅಡ್ಡಿಯಾದರೆ ಅದು ತಿಳಿದ ಕೂಡಲೇ ಅವನಿಗೆ ತಿಳಿಸಬೇಕು. ಫೋನಿನಲ್ಲಿ ಹೇಳಿದರೆ ಹೇಳಿದಂತಾಯಿತು, ಆದರೆ ನಾಳೆ ಸಾಕ್ಷಿಗೆ ನಿಲ್ಲುವುದಿಲ್ಲ. ಒಂದು ಹಾಳೆಯಲ್ಲಿ ದಿನಾಂಕ ಸಹಿತ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಬಾಡಿಗೆ ಕೊಡುತ್ತ ಕರಾರು ಪಾಲಿಸುತ್ತಿರುವವನು ಅಡ್ಡಿಯಿಲ್ಲದೆ ಇರಬಹುದೆಂಬ ಭರವಸೆಯನ್ನೂ ಅದೇ ಕಲಮು ಮಾಲೀಕನ ಮೇಲೆ ಹೊರಿಸುತ್ತದೆ. ದಾರಿಹೋಕ ಅತಿಕ್ರಮಿಯ ಕೃತ್ಯಕ್ಕೆಲ್ಲ ಮಾಲೀಕನೇ ಹೊಣೆಯೆಂದು ಇದರಿಂದ ಎಳೆಯಲಾಗದು. ಆದರೆ ದಾಯಾದಿಯೊಬ್ಬನು ತನಗೆ ಮೇಲಾದ ಹಕ್ಕಿದೆಯೆಂದು ಅಡ್ಡ ಬಂದಾಗ ಮಾಲೀಕನು ಕೈಕಟ್ಟಿ ಕುಳಿತುಕೊಳ್ಳುವುದು ಈ ಭರವಸೆಗೆ ಒಪ್ಪುವುದಿಲ್ಲ.

ಇನ್ನು ಸಿವಿಲ್ ದಾವೆಯ ವಿಚಾರ. ಅಡ್ಡಿಯನ್ನು ತಡೆಯಲು ಶಾಶ್ವತ ನಿರ್ಬಂಧಕಾಜ್ಞೆ, ಕಟ್ಟಿದ್ದನ್ನು ತೆಗೆಸಲು ಕಡ್ಡಾಯ ಆಜ್ಞೆ, ಅಲ್ಲಿಯವರೆಗೆ ತಾತ್ಕಾಲಿಕ ತಡೆಯಾಜ್ಞೆ: ಮೂರನ್ನೂ 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಮತ್ತು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ಬಾಡಿಗೆದಾರನು ಕೇಳಬಹುದು. ಆಸ್ತಿಯಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ದಾವೆ. ಈ ನಾಲ್ಕೂ ಊರುಗಳಲ್ಲಿ ಸಿವಿಲ್ ನ್ಯಾಯಾಲಯಗಳಿರುವುದರಿಂದ ಓಡಾಟದ ಕಷ್ಟ ಅಷ್ಟಿಲ್ಲ. ಓಣಿಯ ಅಗಲ, ಗೇಟು ನಿಂತಿರುವ ಜಾಗ ಇವುಗಳ ಬಗ್ಗೆ ಬಾಯಿಮಾತಿನ ಜಟಾಪಟಿಗಿಂತ ಕೋರ್ಟ್ ಕಮಿಷನರ್ ಸ್ಥಳಕ್ಕೆ ಬಂದು ಕೊಡುವ ವರದಿ ಹೆಚ್ಚು ತೂಗುತ್ತದೆ. ಅದನ್ನು ಮೊದಲೇ ಕೇಳುವ ವಕೀಲ ಜಾಣ.

ಮನೆಯಿಂದಲೋ ಅದರ ಒಂದು ಭಾಗದಿಂದಲೋ ನೆರೆಯವನು ಬಲಾತ್ಕಾರವಾಗಿ ಹೊರಹಾಕಿದ್ದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ಇನ್ನೂ ಚುರುಕಾದ ಅಸ್ತ್ರ. ಎದುರಾಳಿ ತನಗೆ ಎಂಥ ಹಕ್ಕಿದೆಯೆಂದು ವಾದಿಸಿದರೂ ಅದನ್ನು ಈ ದಾವೆಯಲ್ಲಿ ನೋಡುವಂತಿಲ್ಲ. ಕಾನೂನಿನ ಮಾರ್ಗ ಬಿಟ್ಟು ಸ್ವಾಧೀನ ಕಿತ್ತುಕೊಂಡನೇ ಎಂಬುದಷ್ಟೇ ಪ್ರಶ್ನೆ. ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ. ಆದರೆ ಹೊರಹಾಕಿದ ದಿನದಿಂದ ಆರು ತಿಂಗಳೊಳಗೆ ದಾವೆ ಬೀಳಬೇಕು. ನಮ್ಮ ಊರುಗಳಲ್ಲಿ ಈ ಆರು ತಿಂಗಳು ರಾಜಿ ಪಂಚಾಯಿತಿಯಲ್ಲಿ ಕರಗಿಹೋಗುತ್ತವೆ. 'ಹಬ್ಬ ಕಳೆಯಲಿ', 'ಆಷಾಢ ಮುಗಿಯಲಿ', 'ಮಾಲೀಕರು ಬರಲಿ' ಎನ್ನುತ್ತ ಹಿರಿಯರು ಕಾಲ ತಳ್ಳುತ್ತಾರೆ. ಅವರಲ್ಲಿ ಕೆಲವರು ಪ್ರಾಮಾಣಿಕರೇ, ಕೆಲವರು ಮಾತ್ರ ಕ್ಯಾಲೆಂಡರ್ ನೋಡಿಕೊಂಡೇ ಮಾತಾಡುವವರು.

ದಾರಿ, ನೀರು, ಸೂರಿನ ಹನಿ ಇವೆಲ್ಲ 1882ರ ಈಸ್‌ಮೆಂಟ್ ಕಾಯ್ದೆಗೆ ಸೇರುತ್ತವೆ. ಅನುಭೋಗದ ಹಕ್ಕು ಮನೆಗೆ ಅಂಟಿಕೊಂಡಿರುತ್ತದೆ, ಅದರಲ್ಲಿ ವಾಸವಿರುವವನು ಬಳಸುತ್ತಾನೆ. ಆ ಕಾಯ್ದೆಯ 33ನೇ ಕಲಮಿನಂತೆ ಅನುಭೋಗಕ್ಕೆ ಅಡ್ಡಿಯಾಗಿ ಗಣನೀಯ ನಷ್ಟವಾದಾಗ ಪರಿಹಾರದ ದಾವೆ ಹೂಡುವ ಹಕ್ಕು ಮಾಲೀಕನಿಗೆ ಮಾತ್ರವಲ್ಲ, ವಾಸವಿರುವವನಿಗೂ ಇದೆ. ಮೇಲೆ ಹೇಳಿದ ಪಾಲಿನ ಮನೆಗಳಿಗೆ 13ನೇ ಕಲಮು ಮುಖ್ಯ. ಜಂಟಿ ಆಸ್ತಿ ಪಾಲಾದಾಗ ಒಂದು ಪಾಲನ್ನು ಅನುಭವಿಸಲು ಇನ್ನೊಂದರ ಮೇಲೆ ದಾರಿ ಅನಿವಾರ್ಯವಾಗಿದ್ದರೆ ಆ ದಾರಿಯ ಹಕ್ಕು ಪಾಲಿನೊಡನೆಯೇ ಹುಟ್ಟುತ್ತದೆ. ಇಪ್ಪತ್ತು ವರ್ಷದ ಬಳಕೆಯನ್ನು ತೋರಿಸಬೇಕಾದ ಅಗತ್ಯ ಇಲ್ಲಿಲ್ಲ. ಆದರೆ 36ನೇ ಕಲಮನ್ನು ಮರೆಯಬಾರದು: ಅಡ್ಡಿಯನ್ನು ತಾನೇ ಕಿತ್ತೊಗೆಯುವ ಅಧಿಕಾರ ಹಕ್ಕುದಾರನಿಗೂ ಇಲ್ಲ. ಹೊಳೆನರಸೀಪುರದಲ್ಲಿ ಬಾಡಿಗೆ ಅಂಗಡಿ ನಡೆಸುತ್ತಿದ್ದ ದರ್ಜಿಯೊಬ್ಬ ತನ್ನ ಹಿಂಬಾಗಿಲಿಗೆ ಅಡ್ಡ ಕಟ್ಟಿದ ಮೋಟುಗೋಡೆಯನ್ನು ರಾತ್ರೋರಾತ್ರಿ ಹಾರೆಯಿಂದ ಕೆಡವಿದ. ಬೆಳಗಾಗುವುದರೊಳಗೆ ದೂರುದಾರನಾಗಬೇಕಿದ್ದವನು ಆಪಾದಿತನಾಗಿದ್ದ.

ಕಂದಾಯ ಆಡಳಿತದಲ್ಲಿ ಮೂರು ದಶಕ ಕಳೆದವನಾಗಿ ಇನ್ನೊಂದು ಮಾರ್ಗದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕೆನಿಸುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 145ನೇ ಕಲಮನ್ನು ಹಳ್ಳಿಯ ಜಮೀನುದಾರರೂ ಬಲ್ಲರು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 164ನೇ ಕಲಮು. ಜಾಗದ ವಿವಾದದಿಂದ ಶಾಂತಿಭಂಗವಾಗುವ ಸಂಭವವಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಯು ಒಡೆತನದ ಗೊಡವೆಗೆ ಹೋಗದೆ ಸ್ವಾಧೀನ ಯಾರದೆಂದು ತೀರ್ಮಾನಿಸಬಹುದು. ಎರಡು ತಿಂಗಳ ಹಿಂದಿನವರೆಗೆ ಬಲಾತ್ಕಾರದಿಂದ ಹೊರದೂಡಲ್ಪಟ್ಟವನನ್ನು ಸ್ವಾಧೀನದಲ್ಲಿರುವವನೆಂದೇ ಪರಿಗಣಿಸಬಹುದು. ಇಲ್ಲಿ ಭೂಮಿಯೆಂದರೆ ಕಟ್ಟಡವೂ ಸೇರಿದೆ.

ಅದರ ನೆರೆಯಲ್ಲೇ ಇರುವ 166ನೇ ಕಲಮು, ಅಂದರೆ ಹಿಂದಿನ 147, ಯಾರಿಗೂ ನೆನಪಾಗುವುದಿಲ್ಲ. ಬಾಡಿಗೆದಾರನಿಗೆ ನಿಜವಾಗಿ ಬೇಕಾದುದು ಇದೇ. ಭೂಮಿ ಅಥವಾ ನೀರಿನ ಬಳಕೆಯ ಹಕ್ಕಿನ ಬಗ್ಗೆ, ಅದು ಅನುಭೋಗವೆಂದಿರಲಿ ಬೇರೆ ಹೆಸರಿನದಿರಲಿ, ಶಾಂತಿಭಂಗಕ್ಕೆ ಕಾರಣವಾಗುವಂಥ ವಿವಾದ ಎದ್ದರೆ ಆ ಬಳಕೆಗೆ ಅಡ್ಡಿಪಡಿಸಬಾರದೆಂದು ದಂಡಾಧಿಕಾರಿ ಆದೇಶಿಸಬಹುದು. ವರ್ಷವಿಡೀ ಬಳಸುವ ದಾರಿಯಾದರೆ ದಂಡಾಧಿಕಾರಿಗೆ ವರದಿ ಮುಟ್ಟುವ ಮೊದಲಿನ ಮೂರು ತಿಂಗಳೊಳಗೆ ಬಳಸಿದ್ದಿರಬೇಕು. ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ ಎಂದು ಎರಡು ಉಪವಿಭಾಗಗಳಿವೆ, ತಾಲ್ಲೂಕಿಗೊಬ್ಬ ತಹಶೀಲ್ದಾರರಿದ್ದಾರೆ. ಅಧಿಕಾರವಿದೆ, ಬಳಕೆಯಿಲ್ಲ. ನಾನು ಬೇರೆ ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ 145ರ ಕಡತಗಳು ಮೇಜಿನ ಮೇಲೆ ರಾಶಿಯಾಗಿರುತ್ತಿದ್ದವು, 147ರವು ಬೆರಳೆಣಿಕೆಯಷ್ಟು. ಒಂದು ಮಿತಿಯನ್ನೂ ಹೇಳಬೇಕು. ಅದೇ ವಿಷಯ ಸಿವಿಲ್ ಕೋರ್ಟಿನಲ್ಲಿರುವಾಗ ಸಮಾನಾಂತರವಾಗಿ 145ರ ನಡವಳಿ ಮುಂದುವರಿಯಬಾರದೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಹಾಗಾಗಿ ಎರಡು ದೋಣಿಯಲ್ಲಿ ಕಾಲಿಡದೆ ಯಾವುದು ಬೇಗ ಫಲಿಸೀತೆಂದು ವಕೀಲರೊಡನೆ ಮೊದಲೇ ನಿಶ್ಚಯಿಸಬೇಕು.

ಠಾಣೆಗೆ ಹೋಗುವುದು ವ್ಯರ್ಥವೇ? ಅಲ್ಲ. ಬೆದರಿಕೆ, ಅಕ್ರಮ ಪ್ರವೇಶ, ದಾರಿಯಲ್ಲಿ ತಡೆದು ನಿಲ್ಲಿಸುವುದು, ಸಾಮಾನು ಹಾಳು ಮಾಡುವುದು ಇವೆಲ್ಲ ಅಪರಾಧಗಳೇ. ಬಾಡಿಗೆದಾರನ ಮನೆಯೊಳಗೆ ನುಗ್ಗಿದರೆ ಅದು ಬಾಡಿಗೆದಾರನ ವಿರುದ್ಧದ ಅಪರಾಧ. ಪೊಲೀಸರು ಸಿವಿಲ್ ಸ್ವರೂಪದ್ದೆಂದು ಹಿಂಬರಹ ಕೊಟ್ಟು ಕಳಿಸಿದರೂ ಆ ಹಿಂಬರಹವನ್ನು ಹರಿದು ಎಸೆಯಬೇಡಿ. ಇಂಥ ದಿನ ಇಂಥ ಅಡ್ಡಿಯಾಗಿತ್ತೆಂಬುದಕ್ಕೆ ಸರ್ಕಾರದ ಮೊಹರಿರುವ ಮೊದಲ ಸಾಕ್ಷಿ ಅದೇ. ಆರು ತಿಂಗಳ ಲೆಕ್ಕಕ್ಕೂ ಮೂರು ತಿಂಗಳ ಲೆಕ್ಕಕ್ಕೂ ಅದು ಆಧಾರ.

ಸಾಕ್ಷಿಯ ಮಾತು ಬಂದಿತು. ನಮ್ಮ ಬಾಡಿಗೆದಾರನ ದೊಡ್ಡ ದೌರ್ಬಲ್ಯ ಕಾಗದವಿಲ್ಲದಿರುವುದು. ಬಹಳಷ್ಟು ಕಡೆ ಕರಾರೇ ಇಲ್ಲ. ಇದ್ದರೂ ಹನ್ನೊಂದು ತಿಂಗಳಿನದು, ಅದೂ ಎಂದೋ ತೀರಿಹೋಗಿರುತ್ತದೆ. ಒಂದು ವರ್ಷ ಮೀರಿದ ಬಾಡಿಗೆ ಪತ್ರಕ್ಕೆ ನೋಂದಣಿ ಕಡ್ಡಾಯವಾದ್ದರಿಂದ ಈ ಹನ್ನೊಂದರ ಉಪಾಯ ಹುಟ್ಟಿತು. ಅವಧಿ ತೀರಿದ ಮೇಲೂ ಮಾಲೀಕನು ಬಾಡಿಗೆ ಪಡೆಯುತ್ತಿದ್ದರೆ ಬಾಡಿಗೆ ಸಂಬಂಧ ಮುಂದುವರಿದಂತೆಯೇ. ನೋಂದಣಿಯಿಲ್ಲದ ಪತ್ರವನ್ನೂ ಸ್ವಾಧೀನದ ಸ್ವರೂಪ ತೋರಿಸುವ ಸೀಮಿತ ಉದ್ದೇಶಕ್ಕೆ ಕೋರ್ಟು ನೋಡಬಹುದು. ಅದೂ ಇಲ್ಲವೆಂದರೆ ವಿದ್ಯುತ್ ಬಿಲ್ಲು, ಅಡುಗೆ ಅನಿಲದ ರಸೀದಿ, ಮಕ್ಕಳ ಶಾಲಾ ದಾಖಲೆಯ ವಿಳಾಸ, ಬ್ಯಾಂಕ್ ಮೂಲಕ ಬಾಡಿಗೆ ಕಟ್ಟಿದ ವಿವರ, ದಿನಾಂಕವಿರುವ ಛಾಯಾಚಿತ್ರ. ಕೈಗೆ ನಗದು ಕೊಟ್ಟು ಸುಮ್ಮನಾಗುವ ಅಭ್ಯಾಸ ಮಾಲೀಕನಿಗೆ ಅನುಕೂಲವಿರಬಹುದು, ಬಾಡಿಗೆದಾರನಿಗಲ್ಲ.

ಭೋಗ್ಯದವರ ಸ್ಥಿತಿ ಇನ್ನೂ ತೊಡಕಿನದು. ಒಂದಿಷ್ಟು ಲಕ್ಷವನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವ ಈ ಪದ್ಧತಿ ಹಾಸನದಲ್ಲೂ ಸಾಕಷ್ಟಿದೆ. ಆಡುಮಾತಿನಲ್ಲಿ ಅದನ್ನು ಲೀಸ್ ಎನ್ನುತ್ತಾರೆ. ಕಾನೂನಿನ ಕಣ್ಣಿಗೆ ಪತ್ರದ ಒಕ್ಕಣೆಯನ್ನು ಅನುಸರಿಸಿ ಅದು ಭೋಗ್ಯ ಅಡಮಾನವೂ ಆಗಬಹುದು, ಆಗ ನೋಂದಣಿಯಿಲ್ಲದ ಪತ್ರ ಬಹಳ ದುರ್ಬಲ. ನೆರೆಯವನ ವಿರುದ್ಧ ಸ್ವಾಧೀನದ ರಕ್ಷಣೆ ಭೋಗ್ಯದಾರನಿಗೂ ಸಿಗುತ್ತದೆ, ಏಕೆಂದರೆ ಅದು ಪತ್ರಕ್ಕಿಂತ ಹೆಚ್ಚಾಗಿ ವಾಸ್ತವವನ್ನು ಅವಲಂಬಿಸಿದೆ. ಆದರೆ ಲಕ್ಷಗಟ್ಟಲೆ ಹಣ ಕೊಟ್ಟವರು ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಲು ಹಿಂಜರಿಯುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಉಳಿಸುವ ಮುದ್ರಾಂಕ ಶುಲ್ಕಕ್ಕೂ ಹೊರುವ ಅಪಾಯಕ್ಕೂ ಯಾವ ಲೆಕ್ಕದಲ್ಲೂ ಹೋಲಿಕೆಯಿಲ್ಲ.

ಬಾಡಿಗೆ ಕಾಯ್ದೆ ಕಾಪಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮೂಲತಃ ಹಾಕಿದ ಮಿತಿ ತಿಂಗಳಿಗೆ 3,500 ರೂಪಾಯಿ, ಸಣ್ಣ ಪ್ರದೇಶಗಳಲ್ಲಿ 2,000 ರೂಪಾಯಿ. ಆ ಅಂಕಿಗಳು ಯಾವ ಕಾಲದವೆಂದು ವಿವರಿಸಬೇಕಿಲ್ಲ. ಮೇಲಾಗಿ ಆ ಕಾಯ್ದೆ ಮಾಲೀಕ ಮತ್ತು ಬಾಡಿಗೆದಾರರ ನಡುವಿನದು, ನೆರೆಯವನು ಅದರ ಪರಿಧಿಗೇ ಬರುವುದಿಲ್ಲ.

ನೆರೆಯವನೇ ಒಂದು ದಿನ ಬಂದು, 'ಈ ಮನೆ ನನಗೆ ಸೇರಿದ್ದು, ಇನ್ನು ಬಾಡಿಗೆ ನನಗೆ ಕೊಡು, ಓಣಿ ತೆಗೆಯುತ್ತೇನೆ' ಎನ್ನಬಹುದು. ಇದು ಎಲ್ಲಕ್ಕಿಂತ ಅಪಾಯದ ಘಳಿಗೆ. ನೆಮ್ಮದಿಗಾಗಿ ಒಪ್ಪಿಕೊಂಡವರನ್ನು ನೋಡಿದ್ದೇನೆ. ಮೂರನೆಯವನ ಒಡೆತನವನ್ನು ಎತ್ತಿಹಿಡಿದ ಬಾಡಿಗೆದಾರನು ಬಾಡಿಗೆ ಹಕ್ಕನ್ನೇ ಕಳೆದುಕೊಳ್ಳಬಹುದೆಂದು ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಮು ಎಚ್ಚರಿಸುತ್ತದೆ. ತನ್ನನ್ನು ಒಳಗೆ ಬಿಟ್ಟ ಮಾಲೀಕನ ಹಕ್ಕನ್ನು ಬಾಡಿಗೆದಾರನು ಅಲ್ಲಗಳೆಯುವಂತಿಲ್ಲ. 'ಇಬ್ಬರಲ್ಲಿ ಯಾರಿಗೆ ಕೊಡಲಿ, ನೀವೇ ಹೇಳಿ' ಎಂದು ಕೋರ್ಟಿನ ಮುಂದೆ ಇಬ್ಬರನ್ನೂ ನಿಲ್ಲಿಸುವ ದಾವೆಯೂ ಇಲ್ಲಿ ದೊರೆಯದು. ಮಾಲೀಕನ ಮೂಲಕವೇ ಹಕ್ಕು ಹೇಳುವವರಿದ್ದಾಗ ಮಾತ್ರ ಅದು ಸಾಧ್ಯ. ನೆರೆಯವನು ನಿಜವಾಗಿಯೂ ಮನೆಯನ್ನು ಕೊಂಡಿದ್ದರೆ ಮಾತು ಬೇರೆ. ಆಗ ಕ್ರಯಪತ್ರದ ನಕಲಿನೊಡನೆ ಲಿಖಿತ ಸೂಚನೆ ಕೇಳಿ ಪಡೆಯಬೇಕು. ಮಾರಾಟದ ಸುದ್ದಿ ತಿಳಿಯದೆ ಅದಕ್ಕೂ ಮೊದಲು ಹಳೆಯ ಮಾಲೀಕನಿಗೆ ಕೊಟ್ಟ ಬಾಡಿಗೆಯನ್ನು ಎರಡನೆಯ ಸಲ ಕೊಡಬೇಕಾಗಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೇ ಕಲಮು ಮಾಲೀಕ ಅಥವಾ ವಾಸವಿರುವವ ಇಬ್ಬರಿಗೂ ಸಂಪರ್ಕ ಕೇಳುವ ಹಕ್ಕು ಕೊಟ್ಟಿದೆ. ಮಾಲೀಕರ ಒಪ್ಪಿಗೆ ಪತ್ರವಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ವಿದ್ಯುತ್ ನಿರಾಕರಿಸಲಾಗದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಜಿಲ್ಲೆಯ ಸರಬರಾಜು ಸಂಸ್ಥೆಯಾದ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಯಲ್ಲಿ ಈ ಎರಡನ್ನೂ ಉಲ್ಲೇಖಿಸಿ ಅರ್ಜಿ ಬರೆದರೆ ಸಾಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ರೊನಾಲ್ಡ್ ಕೋಸ್ ನೆನಪಾಗದಿರಲಾರರು. 1960ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅವರು ಲಂಡನ್ನಿನ ಒಂದು ಹಳೆಯ ಮೊಕದ್ದಮೆಯನ್ನು ಚರ್ಚಿಸುತ್ತಾರೆ. ಮಿಠಾಯಿ ತಯಾರಕನೊಬ್ಬನ ಒರಳಿನ ಸದ್ದು ಪಕ್ಕದ ವೈದ್ಯನ ಕೋಣೆಗೆ ತೊಂದರೆ ಕೊಡುತ್ತಿತ್ತು, 1879ರಲ್ಲಿ ವೈದ್ಯ ಗೆದ್ದ. ಹಕ್ಕು ಯಾರದೆಂದು ಸ್ಪಷ್ಟವಿದ್ದು ಮಾತುಕತೆಯ ಖರ್ಚು ಕಡಿಮೆಯಿದ್ದರೆ ನೆರೆಹೊರೆಯವರು ತಾವೇ ಒಂದು ಒಪ್ಪಂದಕ್ಕೆ ಬರುತ್ತಾರೆಂಬುದು ಕೋಸ್ ಅವರ ವಾದದ ತಿರುಳು. ನಮ್ಮ ಓಣಿಯ ಜಗಳದಲ್ಲಿ ಹಕ್ಕು ಮಂಕಾಗಿದೆ, ಮಾತನಾಡಬೇಕಾದ ಮಾಲೀಕ ನೂರೆಂಬತ್ತು ಕಿಲೋಮೀಟರ್ ದೂರದಲ್ಲಿದ್ದಾನೆ, ತೊಂದರೆ ಅನುಭವಿಸುವವನಿಗೆ ಮಾತನಾಡುವ ಅಧಿಕಾರವಿಲ್ಲವೆಂದು ಎಲ್ಲರೂ ನಂಬಿದ್ದಾರೆ. ಒಪ್ಪಂದ ಹುಟ್ಟುವುದಾದರೂ ಎಲ್ಲಿಂದ?

ಹಕ್ಕನ್ನು ಸ್ಪಷ್ಟಪಡಿಸಿಕೊಳ್ಳಲು ಬಾಡಿಗೆದಾರನಿಗೂ ತೆರೆದಿರುವ ಬಾಗಿಲುಗಳಿವೆ. ಸ್ಥಿರಾಸ್ತಿಯ ನೋಂದಾಯಿತ ಪತ್ರಗಳ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು, ಇದು 1908ರ ನೋಂದಣಿ ಕಾಯ್ದೆಯ ಮಾತು. ನೆರೆಯವನ ಪಾಲುಪತ್ರವನ್ನೋ ಕ್ರಯಪತ್ರವನ್ನೋ ತೆಗೆಸಿ ಅದರ ಚಕ್ಕುಬಂದಿಯನ್ನು ಓದಬೇಕು. ಶಿಕ್ಷಕಿಯ ಪ್ರಕರಣದಲ್ಲಿ ಆದದ್ದು ಅದೇ. ಗೇಟು ಹಾಕಿದವನ ತಂದೆ ದಶಕಗಳ ಹಿಂದೆ ಸಹಿ ಹಾಕಿದ್ದ ಪಾಲುಪತ್ರದಲ್ಲಿ, ಪೂರ್ವಕ್ಕೆ ಉಭಯತ್ರರಿಗೂ ಸೇರಿದ ಮೂರಡಿ ಓಣಿ ಎಂದು ಮೋಡಿ ಹೊಡೆಯುವಂತೆ ದುಂಡಕ್ಷರದಲ್ಲಿತ್ತು. ಅದರೊಂದಿಗೆ ಠಾಣೆಯ ಹಿಂಬರಹ, ಮಾಲೀಕರಿಗೆ ಬರೆದ ಪತ್ರದ ರಸೀದಿ, ಆರು ವರ್ಷದ ಅನಿಲದ ರಸೀದಿಗಳು. ಮಾಲೀಕರನ್ನೂ ಪ್ರತಿವಾದಿಯಾಗಿ ಸೇರಿಸಿ ದಾವೆ ಹೂಡಿದ ಮೇಲೆ ಕಮಿಷನರ್ ಬಂದು ಅಳೆದರು, ತಾತ್ಕಾಲಿಕ ಆದೇಶದ ಮೇಲೆ ಬೀಗ ತೆರೆಯಿತು. ಮೂಲ ದಾವೆ ಇನ್ನೂ ನಡೆಯುತ್ತಿದೆ. ಮಾಲೀಕರು ಈಗ ಆಕೆಯ ಪರವಾಗಿಯೇ ಹೇಳಿಕೆ ಸಲ್ಲಿಸಿದ್ದಾರೆ. ದಾಯಾದಿಯ ಮುಖ ನೋಡದೆ ಇರಬಹುದು, ಪಾಲುಪತ್ರವನ್ನು ನೋಡದೆ ಇರಲಾಗಲಿಲ್ಲ.

ಆಕೆಗೆ ವಕೀಲರನ್ನು ಒದಗಿಸಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ, ಉಳಿದವರಿಗೆ ಆದಾಯಕ್ಕೆ ಒಳಪಟ್ಟು. ದೂರವಾಣಿ 15100. ಸಮಿತಿಯಿರುವುದು ಕೋರ್ಟಿನ ಆವರಣದಲ್ಲೇ, ಆದರೂ ಪಕ್ಕದ ಚಹಾದಂಗಡಿಯವನಿಗೆ ತಿಳಿದಷ್ಟು ಊರಿನವರಿಗೆ ತಿಳಿದಿಲ್ಲ. ದಾವೆಗೆ ಮೊದಲೇ ಲೋಕ ಅದಾಲತ್ತಿನ ಮುಂದೆ ಇಟ್ಟು ರಾಜಿಯಾದರೆ ಆ ತೀರ್ಮಾನ ಸಿವಿಲ್ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ಊರ ಹಿರಿಯರ ಬಾಯಿಮಾತಿನ ರಾಜಿಗಿಂತ ಇದು ಎಷ್ಟೋ ಮೇಲು.

ಸರ್ಕಾರ ಇದರಲ್ಲಿ ಮಾಡಬಹುದಾದುದು ಹೊಸ ಕಾಯ್ದೆಯೇನಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಲಿಖಿತ ಕರಾರನ್ನು ಕಡ್ಡಾಯ ಮಾಡುತ್ತದೆ, ಅದು ಒಳ್ಳೆಯದೇ. ಆದರೆ ರಾಜ್ಯಗಳು ಅಂಗೀಕರಿಸಿದರಷ್ಟೇ ಅದಕ್ಕೆ ಜೀವ. ಅದಕ್ಕೆ ಕಾಯದೆ ಜಿಲ್ಲಾಧಿಕಾರಿಯ ಒಂದು ಸುತ್ತೋಲೆಯಿಂದಲೇ ಆಗುವ ಕೆಲಸಗಳಿವೆ. ಚರಂಡಿ ಮುಚ್ಚಿದ, ಸಾರ್ವಜನಿಕ ಓಣಿಗೆ ಅಡ್ಡ ಕಟ್ಟಿದ ದೂರುಗಳನ್ನು ವಾಸವಿರುವವರಿಂದಲೂ ಸ್ವೀಕರಿಸುವಂತೆ ಸ್ಥಳೀಯ ಸಂಸ್ಥೆಗಳಿಗೆ ಹೇಳಬೇಕು. ದಾರಿ ಮುಚ್ಚಿದ ದೂರಿಗೆ ಹಿಂಬರಹ ಕೊಡುವ ಠಾಣಾಧಿಕಾರಿಯು ಶಾಂತಿಭಂಗದ ಸಂಭವ ಕಂಡರೆ 166ನೇ ಕಲಮಿನಡಿ ದಂಡಾಧಿಕಾರಿಗೆ ವರದಿ ಕಳಿಸುವುದನ್ನು ರೂಢಿ ಮಾಡಬೇಕು. ಹದ್ದುಬಸ್ತಿಗೆ ಬಾಡಿಗೆದಾರನ ಅರ್ಜಿ ಬಂದಾಗ ತಿರಸ್ಕರಿಸುವ ಬದಲು ಮಾಲೀಕನಿಗೆ ನೋಟಿಸು ನೀಡಿ ಅವನ ಸಮ್ಮತಿ ಕೇಳಬಹುದು. ಇವುಗಳಿಗೆ ಹಣ ಬೇಕಿಲ್ಲ.

ಮಾಲೀಕರಿಗೂ ಒಂದು ಮಾತು. ದೂರದಲ್ಲಿರುವವರು ಕರಾರು ಬರೆಯುವಾಗಲೇ ಮನೆಯ ದಾರಿ, ಬಾವಿ, ಚರಂಡಿ, ಶೌಚಾಲಯದ ಗುಂಡಿ ಎಲ್ಲೆಲ್ಲಿವೆಯೆಂದು ತೋರಿಸುವ ಒಂದು ಕೈನಕ್ಷೆಯನ್ನು ಅದಕ್ಕೆ ಲಗತ್ತಿಸಿ ಇಬ್ಬರೂ ಸಹಿ ಮಾಡಬೇಕು. ಸ್ಥಳೀಯ ಸಂಸ್ಥೆ ಮತ್ತು ಠಾಣೆಗಳಲ್ಲಿ ತಮ್ಮ ಪರವಾಗಿ ದೂರು ಸಲ್ಲಿಸಲು ಬಾಡಿಗೆದಾರನಿಗೆ ಒಂದು ಅಧಿಕಾರ ಪತ್ರ ಕೊಡಬೇಕು. ಅರಕಲಗೂಡಿನಲ್ಲಿ ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಮೂರೂ ಬಾಡಿಗೆ ಮನೆಗಳಿಗೆ ಹೀಗೆ ಮಾಡಿದ್ದಾರೆ. ನಕ್ಷೆ ಬರೆದದ್ದು ಅವರೇ, ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕದ ಹಾಳೆಯಲ್ಲಿ, ಸ್ಕೇಲ್ ಇಟ್ಟು.